ಸೂಳೆಕೆರೆಯ ದಂಡೆಗೆ ಟೈಲ್ಸ್ ಬೇಡ

ನಮ್ಮ ಸೀಮೆಯಲ್ಲಿ ಕೆರೆಯೊಂದನ್ನು ‘ಅಭಿವೃದ್ಧಿ’ ಪಡಿಸುತ್ತಾರೆ ಎಂದರೆ ಏನಾಗುತ್ತದೆ ಎಂಬುದನ್ನು ಯಾರೂ ವಿವರಿಸಿ ಹೇಳಬೇಕಿಲ್ಲ. ಮೊದಲು ಜೆಸಿಬಿ ಬಂದು ದಂಡೆಯ ಜಾಲಿ, ಲಕ್ಕಿ, ಕಾರೆ ಪೊದೆಗಳನ್ನೆಲ್ಲ ಬೋಳಿಸುತ್ತದೆ. ಆಮೇಲೆ ಮಣ್ಣಿನ ಇಳಿಜಾರಿಗೆ ಕಲ್ಲು ಹೊದಿಸುತ್ತಾರೆ. ಕಲ್ಲಿನ ಮೇಲೆ ಪೇವರ್ ಬ್ಲಾಕಿನ ಹಾದಿ, ಹಾದಿಗೆ ಸ್ಟೀಲಿನ ಕಟಕಟೆ, ಕಟಕಟೆಯ ಪಕ್ಕ ಸಿಮೆಂಟಿನ ಜಿಂಕೆ, ಜಿಂಕೆಯ ಹಿಂದೆ ಊರಿನ ಹೆಸರಿಗೆ ಕೆಂಪು ಹೃದಯ ಅಂಟಿಸಿದ ಸೆಲ್ಫಿ ಬೋರ್ಡು. ಉದ್ಘಾಟನೆಯ ಸಂಜೆ ಕಾರಂಜಿ ಬಣ್ಣಬಣ್ಣವಾಗಿ ಕುಣಿಯುತ್ತದೆ. ಮಾರನೆಯ ವರ್ಷಕ್ಕೆ ಕಾರಂಜಿಯ ಮೋಟಾರು ಕೆಟ್ಟಿರುತ್ತದೆ, ಜಿಂಕೆಯ ಕೊಂಬು ಮುರಿದಿರುತ್ತದೆ, ಬ್ಲಾಕುಗಳ ಸಂದಿಯಲ್ಲಿ ಪಾರ್ಥೇನಿಯಂ ಎದ್ದಿರುತ್ತದೆ. ಇವನ್ನೆಲ್ಲ ರಿಪೇರಿ ಮಾಡಲು ಮತ್ತೊಂದು ಟೆಂಡರ್ ಕರೆಯಬಹುದು. ಬೋಳಿಸಿದ ದಂಡೆಯನ್ನು ವಾಪಸು ತರಲು ಯಾವ ಟೆಂಡರೂ ಇಲ್ಲ.

ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯ ವಿಷಯದಲ್ಲಿ ಇಂಥದೊಂದು ಆಸೆ ಬಹಳ ಕಾಲದಿಂದ ನಮ್ಮಲ್ಲಿ ಕುದಿಯುತ್ತಿದೆ. ಚುನಾವಣೆ ಬಂದಾಗ, ಕೆರೆ ತುಂಬಿ ಬಾಗಿನ ಅರ್ಪಿಸುವಾಗ, ವೇದಿಕೆಯ ಮೇಲೆ ಮೈಕು ಸಿಕ್ಕಾಗ ಅದೇ ಮಾತು: ಇದನ್ನು ಪ್ರವಾಸಿ ತಾಣ ಮಾಡಬೇಕು, ಸುತ್ತ ಪಾರ್ಕ್ ಆಗಬೇಕು, ಬೋಟಿಂಗ್ ಬರಬೇಕು, ರೆಸಾರ್ಟ್ ಬರಬೇಕು. ಕೇಳುವವರು ಚಪ್ಪಾಳೆ ತಟ್ಟುತ್ತಾರೆ. ತಟ್ಟುವುದರಲ್ಲಿ ತಪ್ಪೇನಿಲ್ಲ, ಒಳ್ಳೆಯ ಜಾಗಕ್ಕೆ ಹೋಗಿ ಕೂತು ಬರಬೇಕೆಂಬ ಆಸೆ ಎಲ್ಲರದೂ. ನನ್ನ ತಕರಾರು ಆ ಆಸೆಯ ಮೇಲಲ್ಲ. ಕಾಡು, ಗುಡ್ಡ, ನೀರು ಮೂರೂ ಕೂಡಿದ ಇಂಥ ಜಾಗದಲ್ಲಿ ನಮಗೆ ಸಿಗುವ ಸುಖ ಅದು ದುಡಿಯುವ ಕೆರೆಯಾಗಿ ಉಳಿದಿರುವುದರಿಂದಲೇ ಸಿಗುತ್ತಿದೆ. ಅದನ್ನು ಪಾರ್ಕ್ ಮಾಡಿದ ದಿನ ಕೆರೆಯೂ ಹೋಗುತ್ತದೆ, ಆ ಸುಖವೂ ಹೋಗುತ್ತದೆ. ನನ್ನ ವಾದ ಇಷ್ಟೇ, ಇದನ್ನು ಆದಷ್ಟು ಬಿಡಿಸಿ ಹೇಳುತ್ತೇನೆ.

ಮೊದಲು ಹೆಸರಿನಿಂದ ಶುರು ಮಾಡೋಣ. ಸರ್ಕಾರಿ ಬೋರ್ಡುಗಳಲ್ಲಿ ಇದು ‘ಶಾಂತಿಸಾಗರ’. ಜನರ ಬಾಯಲ್ಲಿ ಇವತ್ತಿಗೂ ಸೂಳೆಕೆರೆ. ಬಿ.ಎಲ್. ರೈಸ್ 19ನೇ ಶತಮಾನದ ತಮ್ಮ ಮೈಸೂರು ಗೆಜೆಟಿಯರ್‌ನಲ್ಲಿ ಈ ಕೆರೆಯ ಐತಿಹ್ಯವನ್ನು ದಾಖಲಿಸಿದ್ದಾರೆ. ರಾಜನ ಮಗಳೊಬ್ಬಳು ತನ್ನ ಮೇಲೆ ಬಂದ ದೋಷದ ಪ್ರಾಯಶ್ಚಿತ್ತಕ್ಕೆ ಕೆರೆ ಕಟ್ಟಿಸಲು ಹೊರಟಳು. ಕೆರೆಗೆ ಬೇಕಾದ ನೆಲ ಸೂಳೆಯರದಾಗಿತ್ತು. ಕೆರೆಗೆ ತಮ್ಮ ಹೆಸರಿಡುವುದಾದರೆ ಮಾತ್ರ ನೆಲ ಬಿಟ್ಟುಕೊಡುತ್ತೇವೆ ಎಂದು ಅವರು ಷರತ್ತು ಹಾಕಿದರು. ಆಕೆ ಒಪ್ಪಿದಳು, ಕೆರೆಯಾಯಿತು. ಆ ರಾಜಕುಮಾರಿಯನ್ನು ನಮ್ಮ ಕಡೆ ಶಾಂತವ್ವ ಎನ್ನುತ್ತಾರೆ.

ಕತೆ ನಡೆದಿತ್ತೋ ಇಲ್ಲವೋ ಎಂಬುದು ಬೇರೆ ಪ್ರಶ್ನೆ. ಆ ಕತೆ ಒಂದು ಕರಾರನ್ನು ನೆನಪಿನಲ್ಲಿಟ್ಟಿದೆ ಎಂಬುದು ನನಗೆ ಮುಖ್ಯ. ನೆಲ ಕೊಟ್ಟವರು ದುಡ್ಡು ಕೇಳಲಿಲ್ಲ, ಹೆಸರು ಕೇಳಿದರು. ಸಮಾಜ ಯಾರ ಹೆಸರನ್ನು ಬಾಯಿ ಬಿಟ್ಟು ಹೇಳಲು ನಾಚುತ್ತಿತ್ತೋ ಅವರ ಹೆಸರನ್ನೇ ಊರೂರಿನವರು ದಿನಕ್ಕೆ ಹತ್ತು ಸಲ ಹೇಳುವಂತಾಯಿತು. ನೂರಾರು ವರ್ಷ ನಡೆದುಬಂದ ಈ ಕರಾರನ್ನು ಮುರಿದವರು ಬೋರ್ಡು ಬರೆಸಿದ ನಾವು. ಹೆಂಗಸರು ಮಕ್ಕಳು ಬರುವ ಜಾಗ, ಹೆಸರು ಚೆನ್ನಾಗಿರಲಿ ಎಂದು ‘ಶಾಂತಿ’ ತಂದೆವು. ಕೆರೆ ಎಂಬುದು ಸಣ್ಣದಾಯಿತೇನೋ ಎಂದು ‘ಸಾಗರ’ ಸೇರಿಸಿದೆವು. ಹೆಸರಿನ ಒರಟು ಅಂಚನ್ನು ಹೀಗೆ ನಯ ಮಾಡಿದ ಕೈಯೇ ಈಗ ದಂಡೆಯ ಒರಟು ಅಂಚನ್ನೂ ನಯ ಮಾಡಲು ಹೊರಟಿದೆ. ಎರಡೂ ಕಡೆ ಇರುವುದು ಒಂದೇ ಮುಜುಗರ: ಇದ್ದದ್ದು ಇದ್ದ ಹಾಗೆ ಇದ್ದರೆ ಬಂದವರ ಮುಂದೆ ನಮಗೆ ಮರ್ಯಾದೆ ಇಲ್ಲ ಎಂಬ ಮುಜುಗರ.

ಆ ಅಂಚು ಎಂದರೇನು ಎಂದು ನೋಡಬೇಕು. ಸೂಳೆಕೆರೆಯ ವಿಶೇಷ ಅದರ ಏರಿ. ಎರಡು ಗುಡ್ಡಗಳ ನಡುವಿನ ಸಂದಿಗೆ ಅಡ್ಡಲಾಗಿ ಹಾಕಿದ ಆ ಏರಿಯ ಉದ್ದ ಸುಮಾರು 950 ಅಡಿ ಮಾತ್ರ. ಕಾಲೇಜಿನ ಹುಡುಗರು ಐದು ನಿಮಿಷದಲ್ಲಿ ಈ ತುದಿಯಿಂದ ಆ ತುದಿಗೆ ನಡೆದುಬಿಡಬಹುದು. ಅದರ ಹಿಂದೆ ನಿಲ್ಲುವ ನೀರು ಕೆರೆ ತುಂಬಿದಾಗ ಸುಮಾರು 27 ಚದರ ಕಿಲೋಮೀಟರ್ ಹರಡುತ್ತದೆ. ಇಷ್ಟು ಸಣ್ಣ ಕಟ್ಟೆಯಿಂದ ಅಷ್ಟು ದೊಡ್ಡ ನೀರು ಹಿಡಿಯಲು ಜಾಗ ಗೊತ್ತುಮಾಡಿದವರಿಗೆ ನೆಲದ ಓದು ಎಷ್ಟಿದ್ದಿರಬೇಕು! ಹರಿದ್ರಾ ನದಿ ಈ ಕೆರೆಯನ್ನು ಹಾದು ಮುಂದೆ ಹರಿಹರದ ಬಳಿ ತುಂಗಭದ್ರೆಯನ್ನು ಸೇರುತ್ತದೆ. ತೂಬಿನಿಂದ ಸಿದ್ಧನಾಲೆ, ಬಸವನಾಲೆ ಎಂಬ ಎರಡು ಕಾಲುವೆಗಳು ಅಚ್ಚುಕಟ್ಟಿಗೆ ಹೋಗುತ್ತವೆ. ಕುಡಿಯುವ ನೀರು ಇಲ್ಲಿಂದ ಚಿತ್ರದುರ್ಗದವರೆಗೆ, ಜಗಳೂರಿನವರೆಗೆ ಹೋಗಿದೆ. ‘ಏಷ್ಯಾದಲ್ಲೇ ಎರಡನೆಯ ದೊಡ್ಡ ಕೆರೆ’ ಎಂಬ ಬಿರುದಿಗಿಂತ ಈ ಕೊಳವೆಗಳ ಕತೆ ದೊಡ್ಡದು.

ಏರಿಯ ಕಡೆ ನೀರು ಆಳ. ಎದುರಿನ ದಂಡೆಗಳಲ್ಲಿ ನೆಲ ನಿಧಾನವಾಗಿ ಏರುತ್ತಾ ಹೋಗುತ್ತದೆ. ಆದ್ದರಿಂದ ನೀರು ಒಂದಡಿ ಇಳಿದರೂ ಆ ಕಡೆ ನೂರಾರು ಅಡಿ ಮಣ್ಣು ಬಯಲಾಗುತ್ತದೆ. ಮಳೆಗಾಲದಲ್ಲಿ ನೀರಿನ ಗೆರೆ ಒಂದು ಕಡೆ, ಸಂಕ್ರಾಂತಿಗೆ ಇನ್ನೊಂದು ಕಡೆ, ಯುಗಾದಿಗೆ ಮತ್ತೂ ಒಳಗೆ. ಕೆರೆಗೆ ಅಂಚು ಎಂಬುದು ಒಂದು ಗೆರೆಯಲ್ಲ, ಒಂದು ಬಯಲು. ನಮ್ಮ ಹಿರಿಯರು ಅದಕ್ಕೆ ಕೆರೆಯಂಗಳ ಎಂದು ಹೆಸರಿಟ್ಟರು. ಮನೆಗೆ ಅಂಗಳ ಇದ್ದಂತೆ ಕೆರೆಗೂ ಒಂದು ಅಂಗಳ. ಅದು ಮನೆಯೊಳಗೂ ಅಲ್ಲ, ಬೀದಿಯೂ ಅಲ್ಲ. ವರ್ಷದಲ್ಲಿ ಕೆಲವು ತಿಂಗಳು ನೀರಿಗೆ, ಕೆಲವು ತಿಂಗಳು ದನಕರು, ಹಕ್ಕಿ, ಮನುಷ್ಯರಿಗೆ.

ಪಾರ್ಕಿನ ನಕ್ಷೆ ಬರೆಯುವವರಿಗೆ ಬಯಲು ಅರ್ಥವಾಗುವುದಿಲ್ಲ, ಗೆರೆ ಬೇಕು. ವಾಕಿಂಗ್ ಪಾಥ್ ಎಲ್ಲಾದರೂ ಒಂದು ಕಡೆ ಹಾದುಹೋಗಲೇಬೇಕಲ್ಲ! ಸಾಮಾನ್ಯವಾಗಿ ಅದು ಸರ್ವೆ ಮಾಡಲು ಬಂದ ತಿಂಗಳಿನಲ್ಲಿ ನೀರು ಎಲ್ಲಿತ್ತೋ ಅದರ ಪಕ್ಕ ಬೀಳುತ್ತದೆ. ಹಾದಿ ಬಿದ್ದ ಮರುದಿನದಿಂದ ಅದೇ ಕೆರೆಯ ಗಡಿ. ಹಾದಿಯ ಒಳಗಿನದು ಕೆರೆ, ಹೊರಗಿನದು ‘ಖಾಲಿ ಜಾಗ’. ಖಾಲಿ ಜಾಗ ನಮ್ಮ ದೇಶದಲ್ಲಿ ಎಷ್ಟು ದಿನ ಖಾಲಿ ಇರುತ್ತದೆ? ಚನ್ನಗಿರಿ ಅಡಿಕೆಯ ಸೀಮೆ. ಸೂಳೆಕೆರೆಯಂಗಳದ ಒತ್ತುವರಿಯ ದೂರು ಹಳೆಯದು. ಸರ್ವೆ ಮಾಡಿಸಿ ಗಡಿಕಲ್ಲು ನೆಡಬೇಕೆಂದು ಇಲ್ಲಿ ಹೋರಾಟಗಳೂ ನಡೆದಿವೆ. ಒತ್ತುವರಿ ಮಾಡುವವರಿಗೆ ದಾಖಲೆ ಇಲ್ಲ ಎಂಬ ಅಳುಕಾದರೂ ಇರುತ್ತದೆ. ಸರ್ಕಾರವೇ ಮುಂದೆ ನಿಂತು ಕೆರೆಯ ಒಳಗೆ ಒಂದು ಹಾದಿ ಎಳೆದುಕೊಟ್ಟರೆ ಆ ಅಳುಕೂ ಹೋಗುತ್ತದೆ. ಬೆಂಗಳೂರಿನಲ್ಲಿ ಅನೇಕ ಕೆರೆಗಳಿಗೆ ಸುತ್ತಲೂ ಏರಿ ಎಬ್ಬಿಸಿ ಬಟ್ಟಲಿನ ಹಾಗೆ ಮಾಡಿದ್ದನ್ನು ಪರಿಸರ ತಜ್ಞರು ‘ಸೂಪ್ ಬೌಲ್’ ಎಂದು ಟೀಕಿಸುತ್ತಾ ಬಂದಿದ್ದಾರೆ. ಬಟ್ಟಲಿಗೆ ಸುತ್ತ ಒಂದೇ ಎತ್ತರದ ಅಂಚು, ಅಂಗಳ ಇಲ್ಲ. ಮಳೆ ನೀರು ಒಳಗೆ ಬರಲೂ ದಾರಿ ಹುಡುಕಬೇಕು.

ಅಂಗಳ ಹೋದರೆ ಹೋಗುವುದು ನೆಲ ಮಾತ್ರವಲ್ಲ. ಮೆಟ್ಟುಗಾಲು ಹಕ್ಕಿ, ಗೊರವ, ಬೆಳ್ಳಕ್ಕಿಗಳು ಆಳದ ನೀರಿನಲ್ಲಿ ಬದುಕುವುದಿಲ್ಲ. ಅವುಗಳ ಕಾಲಿನ ಉದ್ದಕ್ಕೆ ತಕ್ಕ ಆಳ ಬೇಕು, ಕೊಕ್ಕು ಇಳಿಯುವಂಥ ಕೆಸರು ಬೇಕು. ಟಿಟ್ಟಿಭ ಬರೀ ನೆಲದ ಮೇಲೆ, ಹರಳುಗಳ ನಡುವೆ ಮೊಟ್ಟೆ ಇಡುತ್ತದೆ. ಮೀನು ಮರಿ ಬೆಳೆಯುವುದೂ ದಂಡೆಯ ತೆಳು ನೀರಿನ ಹುಲ್ಲಿನಲ್ಲಿ. ಇಳಿಜಾರಿಗೆ ಕಲ್ಲು ಹೊದಿಸಿದರೆ ನೀರು ಕಲ್ಲಿನ ಬುಡದಲ್ಲೇ ಆಳಕ್ಕಿಳಿಯುತ್ತದೆ. ಅಲ್ಲಿ ಉಳಿಯುವುದು ಮುಳುಗಿ ಮೀನು ಹಿಡಿಯುವ ನೀರುಕಾಗೆ ಮತ್ತು ಕಟಕಟೆಗೆ ಒರಗಿ ಫೋಟೋ ತೆಗೆಯುವ ನಾವು. ಆಮೇಲೆ ‘ಇಲ್ಲಿ ಕಾಣುವ ಪಕ್ಷಿಗಳು’ ಎಂದು ಬಣ್ಣದ ಬೋರ್ಡು ಹಾಕುತ್ತೇವೆ.

ಒಂದು ಏಪ್ರಿಲ್‌ನಲ್ಲಿ ಕೆರೆಯಂಗಳದಲ್ಲಿ ನಡೆಯುತ್ತಿದ್ದಾಗ ಕುರಿ ಮೇಯಿಸುತ್ತಿದ್ದ ಹಿರಿಯರೊಬ್ಬರು ಸಿಕ್ಕರು. ನೀರು ಹಿಂದೆ ಸರಿದ ಕಡೆಯೆಲ್ಲ ಹಸಿರು ಗರಿಕೆ ಎದ್ದಿತ್ತು. ಸುತ್ತಮುತ್ತ ಹೊಲಗಳೆಲ್ಲ ಒಣಗಿದ್ದವು. “ನೀರು ಹಿಂದಕ್ ಸರದಂಗೆಲ್ಲ ನಾವು ಮುಂದಕ್ ಬರ್ತೀವಿ, ಅದು ಮುಂದಕ್ ಬಂದ್ರೆ ನಾವು ಹಿಂದಕ್. ನಮಗೂ ಕೆರೆಗೂ ಜಗಳಿಲ್ಲ ತಮ್ಮಾ” ಎಂದರು. “ಸುತ್ತ ಪಾರ್ಕ್ ಮಾಡಬೇಕು ಅಂತಾರಲ್ಲ ಯಜಮಾನ್ರೆ?” ಎಂದು ಕೇಳಿದೆ. ಅವರು ಕೋಲು ಊರಿ ನಿಂತು ಸ್ವಲ್ಪ ಹೊತ್ತು ಯೋಚಿಸಿ, “ಮಾಡ್ಲಿ. ಕುರಿಗೆ ಟಿಕೀಟು ಎಷ್ಟು ಇಡ್ತಾರಂತೆ, ಅದೊಂದು ಕೇಳಿ ಹೇಳು” ಎಂದರು.

ಇದು ತಮಾಷೆಯಲ್ಲ. ಪಾರ್ಕಿಗೆ ಕಾಂಪೌಂಡ್ ಬಂದಾಗ ಮೊದಲು ಹೊರಗೆ ನಿಲ್ಲುವವರು ಇವರು. ಕುರಿಯವರು, ಬಟ್ಟೆ ಒಗೆಯುವವರು, ತೆಪ್ಪ ಹಾಕಿ ಬಲೆ ಬೀಸುವವರು, ತೂಬಿನ ನೀರು ಹಂಚುವ ನೀರುಗಂಟಿಗಳು, ಹೂಳಿನ ಗೋಡುಮಣ್ಣನ್ನು ಹೊಲಕ್ಕೆ ಹೊಡೆಯುವ ರೈತರು. ಐದು ಬಗೆಯ ಜನರನ್ನು ಆಚೆ ಕಳಿಸಿ ಆರನೆಯ ಬಗೆಯವರಿಗೆ, ಅಂದರೆ ಭಾನುವಾರ ಕಾರಿನಲ್ಲಿ ಬರುವವರಿಗೆ, ಜಾಗ ಮಾಡಿಕೊಡುತ್ತೇವೆ. ಆಮೇಲೆ ಕೆರೆಗೆ ಏನಾದರೂ ಆದರೆ ಕೂಗಲು ಯಾರೂ ಇರುವುದಿಲ್ಲ. ನೀರಿಗೆ ವಾಸನೆ ಬಂದದ್ದು ಬಲೆ ಬೀಸುವವರಿಗೆ ಮೊದಲು ಗೊತ್ತಾಗುತ್ತದೆ. ಏರಿಯಲ್ಲಿ ನೀರು ಜಿನುಗಿದ್ದು ನೀರುಗಂಟಿಗೆ ಮೊದಲು ಕಾಣುತ್ತದೆ. ಭಾನುವಾರದವರಿಗೆ ಕಾಣುವುದು ಕಾರಂಜಿ ಕೆಟ್ಟದ್ದು ಮಾತ್ರ.

ಎದುರು ಪಕ್ಷದ ಮಾತನ್ನೂ ಕೇಳೋಣ. ಅವರ ಮಾತಿನಲ್ಲಿ ಗಟ್ಟಿಯಾದದ್ದು ಒಂದಿದೆ: ಇಲ್ಲಿನ ಜನರಿಗೆ ಹೋಗಲು ಜಾಗವೇ ಇಲ್ಲ. ಚನ್ನಗಿರಿಯ ಹುಡುಗಿಯೊಬ್ಬಳಿಗೆ ಗೆಳತಿಯರ ಜೊತೆ ಒಂದು ಮಧ್ಯಾಹ್ನ ಕಳೆಯಬೇಕೆನಿಸಿದರೆ ಎಲ್ಲಿಗೆ ಹೋಗಬೇಕು? ಗಂಡಸರಿಗೆ ಟೀ ಅಂಗಡಿ, ಕಟ್ಟೆ, ಬಸ್ ಸ್ಟ್ಯಾಂಡ್ ಇವೆ. ಹೆಂಗಸರಿಗೆ ಗುಡಿ ಬಿಟ್ಟರೆ ಇನ್ನೇನಿದೆ? ಕೆರೆಗೆ ಹೋಗಬೇಕೆಂದರೆ ಹೊತ್ತಿಗೆ ಸರಿಯಾಗಿ ಬಸ್ಸಿಲ್ಲ, ಹೋದರೆ ಶೌಚಾಲಯವಿಲ್ಲ, ನೆರಳಿನಲ್ಲಿ ಕೂರೋಣವೆಂದರೆ ಕುಡಿದು ಒಡೆದ ಬಾಟಲಿ ಚೂರುಗಳು. ವಿಹಾರ ಎಂಬುದು ಪಟ್ಟಣದವರ ಷೋಕಿ, ಹಳ್ಳಿಯವರಿಗೇಕೆ ಎನ್ನುವವರ ಜೊತೆ ನಾನಿಲ್ಲ. ಅದು ಎಲ್ಲರ ಹಕ್ಕು. ಆದರೆ ಆ ಹುಡುಗಿಗೆ ಬೇಕಾದ ಪಟ್ಟಿಯನ್ನು ಮತ್ತೊಮ್ಮೆ ಓದಿ ನೋಡಿ: ಬಸ್ಸು, ಶೌಚಾಲಯ, ಕುಡಿಯುವ ನೀರು, ನೆರಳು, ಭಯವಿಲ್ಲದೆ ಕೂರುವ ಜಾಗ. ಇದರಲ್ಲಿ ಒಂದಕ್ಕಾದರೂ ಪೇವರ್ ಬ್ಲಾಕ್ ಬೇಕೆ? ಕಾರಂಜಿ ಬೇಕೆ? ಅವಳ ಅಗತ್ಯದ ಹೆಸರು ಹೇಳಿ ಬರುವ ಹಣ ಅವಳ ಪಟ್ಟಿಯಲ್ಲಿಲ್ಲದ ವಸ್ತುಗಳಿಗೆ ಹೋಗುತ್ತದೆ. ಬಸ್ಸು ಬಿಟ್ಟರೆ ಕಮಿಷನ್ ಇಲ್ಲ, ಬ್ಲಾಕ್ ಹಾಕಿದರೆ ಇದೆ ಎಂಬ ಅನುಮಾನ ನನ್ನೊಬ್ಬನದಲ್ಲ.

ಇನ್ನೊಂದು ಮಾತು: ಪ್ರವಾಸಿಗರು ಬಂದರೆ ದುಡ್ಡು ಬರುತ್ತದೆ, ದುಡ್ಡು ಬಂದರೆ ಕೆರೆ ಉಳಿಯುತ್ತದೆ. ಇದನ್ನು ಬೆಂಗಳೂರು ನಮಗಿಂತ ಮೊದಲೇ ಮಾಡಿ ನೋಡಿದೆ. 2000ದ ದಶಕದಲ್ಲಿ ಹೆಬ್ಬಾಳ, ನಾಗವಾರದಂಥ ಕೆರೆಗಳನ್ನು ಖಾಸಗಿ ಕಂಪನಿಗಳಿಗೆ ಗುತ್ತಿಗೆ ಕೊಟ್ಟರು. ಬೋಟಿಂಗ್, ತಿಂಡಿ, ಪ್ರವೇಶ ಶುಲ್ಕ ಇದ್ದರೆ ಕೆರೆ ತನ್ನನ್ನು ತಾನೇ ಸಾಕಿಕೊಳ್ಳುತ್ತದೆ ಎಂಬ ಲೆಕ್ಕ. 2008ರಲ್ಲಿ ಎನ್ವಿರಾನ್ಮೆಂಟ್ ಸಪೋರ್ಟ್ ಗ್ರೂಪ್ ಇದರ ವಿರುದ್ಧ ಹೈಕೋರ್ಟಿಗೆ ಹೋಯಿತು. ಕೆರೆಗಳು ಸಾರ್ವಜನಿಕ ಸಂಪತ್ತು, ಅವನ್ನು ಹಾಗೆಯೇ ಕಾಯಬೇಕು ಎಂಬ ದಿಕ್ಕಿನಲ್ಲಿ 2012ರಲ್ಲಿ ಆದೇಶ ಬಂತು. ರಾಜಧಾನಿ ಕೋರ್ಟಿನ ಮೆಟ್ಟಿಲು ಹತ್ತಿ ಕಲಿತ ಪಾಠವನ್ನು ನಾವು ಹೊಸದಾಗಿ ಫೀಸು ಕಟ್ಟಿ ಕಲಿಯಬೇಕೆ? ನಮ್ಮದೇ ದಾವಣಗೆರೆಯ ಕುಂದುವಾಡ ಕೆರೆಯನ್ನೇ ನೋಡಿ. ಅದು ನಗರಕ್ಕೆ ಕುಡಿಯುವ ನೀರಿನ ಕೆರೆ, ಬೆಳಿಗ್ಗೆ ನಡೆಯುವವರ ಕೆರೆ, ಹಕ್ಕಿಗಳ ಕೆರೆ. 2016ರಲ್ಲಿ ಮೊದಲ 20 ಸ್ಮಾರ್ಟ್ ಸಿಟಿಗಳ ಪಟ್ಟಿಯಲ್ಲಿ ದಾವಣಗೆರೆಯ ಹೆಸರು ಬಂತು. ಮುಂದೆ ಆ ಯೋಜನೆಯಡಿ ಕೆರೆಯ ಕೆಲಸ ಶುರುವಾದಾಗ ಹಕ್ಕಿಗಳ ನೆಲೆ ಹಾಳಾಗುತ್ತದೆ ಎಂದು ಊರಿನ ಪರಿಸರಾಸಕ್ತರು ಪ್ರತಿಭಟಿಸಬೇಕಾಯಿತು.

ಕಾನೂನು ಕಾಯುತ್ತದೆ ಎಂದು ಸುಮ್ಮನಿರುವಂತೆಯೂ ಇಲ್ಲ. ಕೇಂದ್ರದ 2017ರ ಜೌಗು ಪ್ರದೇಶ ನಿಯಮಗಳು ನೀರಾವರಿಗೆ, ಕುಡಿಯುವ ನೀರಿಗೆ, ವಿಹಾರಕ್ಕೆ ಎಂದು ಮನುಷ್ಯರು ಕಟ್ಟಿದ ಜಲಾಶಯಗಳನ್ನು ಜೌಗು ಪ್ರದೇಶ ಎಂಬ ವ್ಯಾಖ್ಯೆಯಿಂದಲೇ ಹೊರಗಿಟ್ಟಿವೆ. ಕರ್ನಾಟಕದ ಕೆರೆಗಳೆಲ್ಲ ಹೆಚ್ಚುಕಡಿಮೆ ಮನುಷ್ಯರು ಕಟ್ಟಿದವೇ! ರಾಜ್ಯದಲ್ಲಿ ಕೆರೆ ಸಂರಕ್ಷಣೆಗೆಂದೇ 2014ರ ಕಾಯ್ದೆ ಇದೆ, ನಿಜ. ಆದರೆ ಕೆರೆಯ ಸುತ್ತ ಬಿಡಬೇಕಾದ ಮೀಸಲು ಜಾಗವನ್ನು ಕೆರೆಯ ಗಾತ್ರಕ್ಕೆ ತಕ್ಕಂತೆ ಕಡಿಮೆ ಮಾಡುವ ತಿದ್ದುಪಡಿ ಮಸೂದೆ 2025ರಲ್ಲಿ ವಿಧಾನಮಂಡಲಕ್ಕೆ ಬಂತು. ದೊಡ್ಡ ಸೂಳೆಕೆರೆಗಿಂತ ಸುತ್ತಲಿನ ಹಳ್ಳಿಗಳ ಸಣ್ಣಪುಟ್ಟ ಕಟ್ಟೆಗಳಿಗೆ ಇದರ ಬಿಸಿ ಹೆಚ್ಚು. ದೊಡ್ಡ ಕೆರೆಗೆ ನೀರು ಬರುವುದು ಆ ಕಟ್ಟೆಗಳು, ಹಳ್ಳಗಳು ಜೀವಂತ ಇದ್ದರೆ ತಾನೆ?

ಕೆರೆಯ ಮಾತು ಇಷ್ಟಾಯಿತು, ಈಗ ಕಾಡಿನ ಮಾತು. ಚನ್ನಗಿರಿಯಿಂದ ಜಗಳೂರಿಗೆ ಹೋದರೆ ಜಿಲ್ಲೆ ಬದಲಾಗುವುದಿಲ್ಲ, ನೆಲ ಬದಲಾಗುತ್ತದೆ. 1997ರಲ್ಲಿ ದಾವಣಗೆರೆ ಜಿಲ್ಲೆ ಮಾಡುವಾಗ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಿಂದ ಬಂದವು, ಜಗಳೂರು ಚಿತ್ರದುರ್ಗದಿಂದ. ನ್ಯಾಮತಿ ಆಮೇಲೆ ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾಯಿತು. ಒಂದು ತುದಿಗೆ ಮಲೆನಾಡಿನ ಸೆರಗು, ಇನ್ನೊಂದು ತುದಿಗೆ ಬರದ ಬಯಲು. ಜಗಳೂರಿನವರಿಗೆ ನೀರು ಎಂದರೇನು ಎಂಬುದಕ್ಕೆ 57 ಕೆರೆ ತುಂಬಿಸುವ ಯೋಜನೆಯೇ ಸಾಕ್ಷಿ. ಹರಿಹರ ತಾಲ್ಲೂಕಿನ ದೀಟೂರಿನ ಬಳಿ ತುಂಗಭದ್ರೆಯಿಂದ ನೀರೆತ್ತಿ ಅಷ್ಟು ದೂರ ತರಬೇಕಾಯಿತು. ಆ ನೀರು ಬಂದ ಕೆರೆಗಳ ದಂಡೆಗೂ ನಾಳೆ ಇದೇ ಟೈಲ್ಸ್ ಕನಸು ಬೀಳದೇ ಇರುವುದಿಲ್ಲ.

ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದಲ್ಲಿ 2011ರಿಂದ ಕೊಂಡುಕುರಿ ವನ್ಯಧಾಮವಿದೆ. ವಿಸ್ತೀರ್ಣ ಸುಮಾರು 77 ಚದರ ಕಿಲೋಮೀಟರ್. ಕೊಂಡುಕುರಿಯ ಗಂಡಿಗೆ ನಾಲ್ಕು ಕೊಂಬು. ಭಾರತ ಮತ್ತು ನೇಪಾಳ ಬಿಟ್ಟರೆ ಕಾಡಿನಲ್ಲಿ ಅದು ಇನ್ನೆಲ್ಲೂ ಇಲ್ಲ. ಸ್ವಭಾವತಃ ನಾಚಿಕೆಯ ಪ್ರಾಣಿ. ಹಿಂಡು ಕಟ್ಟುವುದಿಲ್ಲ, ಎತ್ತರದ ಹುಲ್ಲು, ಪೊದೆಗಳಲ್ಲಿ ಅಡಗಿ ಬದುಕುತ್ತದೆ, ನೀರಿನ ಆಸರೆ ಬಿಟ್ಟು ದೂರ ಹೋಗುವುದಿಲ್ಲ. ಅದಕ್ಕೆ ಬೇಕಾದದ್ದು ನಾವು ‘ಕುರುಚಲು’ ಎಂದು ತಾತ್ಸಾರ ಮಾಡುವ ಕಾಡೇ. ಹೊರಗಿನಿಂದ ಬಂದವರಿಗೆ ಆ ಕಾಡು ಬೇಸಿಗೆಯಲ್ಲಿ ಬೆಂಗಾಡಿನಂತೆ ಕಾಣುತ್ತದೆ. ‘ಇಲ್ಲಿ ಏನೂ ಇಲ್ಲವಲ್ಲ, ಗಿಡ ನೆಟ್ಟು ಹಸಿರು ಮಾಡಬಾರದೇ’ ಎನ್ನುತ್ತಾರೆ. ಏನೂ ಇಲ್ಲ ಎಂದು ಕಾಣುವುದೇ ಕೊಂಡುಕುರಿಯ ಭದ್ರತೆ. ಅಲ್ಲಿ ಲಾನ್ ಹಾಕಿ ದೀಪ ಹಚ್ಚಿದರೆ ಉಳಿಯುವುದು ಬೋರ್ಡಿನ ಮೇಲಿನ ನಾಲ್ಕು ಕೊಂಬು.

ನ್ಯಾಮತಿ ತಾಲ್ಲೂಕಿನ ತೀರ್ಥರಾಮೇಶ್ವರಕ್ಕೆ ಹೋದವರಿಗೆ ಇನ್ನೊಂದು ಬಗೆಯ ಪಾಠವಿದೆ. ಬೆಟ್ಟದ ಕಾಡಿನ ನಡುವೆ ನೀರು ತಾನಾಗಿ ಹರಿದು ಬರುತ್ತದೆ. ಜನ ಸ್ನಾನ ಮಾಡುತ್ತಾರೆ, ಬುತ್ತಿ ಬಿಚ್ಚಿ ಉಣ್ಣುತ್ತಾರೆ, ಮಕ್ಕಳು ಕೂಗಾಡುತ್ತವೆ. ವಿಹಾರ ಎಂಬ ಪದ ಗೊತ್ತಿಲ್ಲದೆಯೇ ಎಷ್ಟೋ ತಲೆಮಾರುಗಳು ಅಲ್ಲಿ ವಿಹಾರ ಮಾಡಿವೆ. ಆ ನೀರು ಬರುವುದು ಮೇಲಿನ ಕಾಡು ಹಿಡಿದಿಟ್ಟ ಮಳೆಯಿಂದ. ಇನ್ನು ಹೊನ್ನಾಳಿ. ಕೂಡ್ಲಿಯಲ್ಲಿ ತುಂಗೆ ಮತ್ತು ಭದ್ರೆ ಕೂಡಿ ತುಂಗಭದ್ರೆಯಾದ ಮೇಲೆ ಹೊಳೆ ಹೊನ್ನಾಳಿಗೆ ಬರುತ್ತದೆ. ಹೊಳೆಯ ದಂಡೆಗೆ ಸಂಜೆ ಹೋಗಿ ಕೂರುತ್ತಿದ್ದವರಿಗೆ ಬೇಕಾಗಿದ್ದದ್ದು ಮರಳಿನ ಹಾಸು. ಮರಳನ್ನು ಲಾರಿಗೆ ತುಂಬಲು ಬಿಟ್ಟು, ಆಮೇಲೆ ದಂಡೆಗೆ ಬೆಂಚು ಹಾಕಿಸಿದರೆ ಅದನ್ನು ಅಭಿವೃದ್ಧಿ ಎನ್ನಬೇಕೋ ಪರಿಹಾರ ಎನ್ನಬೇಕೋ!

ಹಾಗಾದರೆ ಜನ ನೋಡಲು ಬರುವಂಥ ಕೆರೆ ಪಾರ್ಕಾಗದೆ ಉಳಿಯಲು ಸಾಧ್ಯವೇ? ಸಾಧ್ಯ ಎನ್ನಲು ದೂರ ಹೋಗಬೇಕಿಲ್ಲ. ಪಕ್ಕದ ವಿಜಯನಗರ ಜಿಲ್ಲೆಯ ಅಂಕಸಮುದ್ರ, ಗದಗ ಜಿಲ್ಲೆಯ ಮಾಗಡಿ ಕೆರೆ, ಎರಡೂ 2024ರಲ್ಲಿ ರಾಮ್ಸಾರ್ ಪಟ್ಟಿ ಸೇರಿದವು. ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಸಾಲಿಗೆ. ಎರಡೂ ಹಿಂದಿನವರು ಕಟ್ಟಿದ ಹಳ್ಳಿಯ ನೀರಾವರಿ ಕೆರೆಗಳೇ. ಅಂಕಸಮುದ್ರದ ಕೆರೆಯೊಳಗಿನ ಜಾಲಿ ಮರಗಳಲ್ಲಿ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ನಮ್ಮ ಜೆಸಿಬಿ ಮೊದಲು ಕೀಳುವ ಅದೇ ಜಾಲಿ. ಮಾಗಡಿಗೆ ಚಳಿಗಾಲದಲ್ಲಿ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಸುತ್ತಲಿನ ಹೊಲಗಳಲ್ಲಿ ಮೇಯುತ್ತವೆ, ಕೆರೆಯಲ್ಲಿ ತಂಗುತ್ತವೆ. ಊರಿನವರು ಸಹಿಸಿಕೊಂಡದ್ದಕ್ಕೆ ಅವು ಉಳಿದಿವೆ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಂತೂ ಹೆಜ್ಜಾರ್ಲೆ, ಕೊಕ್ಕರೆಗಳ ಗೂಡು ಮನೆ ಪಕ್ಕದ ಮರದಲ್ಲೇ. ಈ ಮೂರೂ ಊರಿಗೆ ಹೆಸರು ತಂದುಕೊಟ್ಟದ್ದು ಕಾರಂಜಿಯಲ್ಲ.

ಬರೀ ಬೇಡ ಬೇಡ ಎನ್ನುವುದು ಸುಲಭ. ಬೇಕು ಎನ್ನುವುದನ್ನೂ ಹೇಳುತ್ತೇನೆ. ಮೊದಲನೆಯದು, ಸೂಳೆಕೆರೆ ಪೂರ್ತಿ ತುಂಬಿದಾಗಿನ ನೀರಿನ ಗೆರೆಗೆ ಸುತ್ತಲೂ ಗಡಿಕಲ್ಲು, ಮತ್ತು ಆ ನಕ್ಷೆಯನ್ನು ದಂಡೆಯ ಪ್ರತಿ ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ಎಲ್ಲರಿಗೂ ಕಾಣುವಂತೆ ಬರೆಸುವುದು. ಎರಡನೆಯದು, ಶೌಚಾಲಯ, ಕುಡಿಯುವ ನೀರು, ಬೆಂಚು ಎಲ್ಲವೂ ಆ ಗೆರೆಯ ಹೊರಗೆ, ಈಗಾಗಲೇ ಇರುವ ಮರಗಳ ಕೆಳಗೆ. ವಾಹನ ಅಲ್ಲಿಂದಾಚೆಗೆ ಬರಕೂಡದು. ಮೂರನೆಯದು, ರಜಾ ದಿನಗಳಲ್ಲಿ ಚನ್ನಗಿರಿಯಿಂದ, ದಾವಣಗೆರೆಯಿಂದ ಹೊತ್ತಿಗೆ ಸರಿಯಾಗಿ ಬಸ್ಸು. ನಾಲ್ಕನೆಯದು, ನೀರಿನ ಮೇಲೆ ಹೋಗಲೇಬೇಕೆಂದರೆ ಮೀನುಗಾರರ ತೆಪ್ಪ ಇದೆ. ಅವರ ಸಂಘಕ್ಕೆ ಆ ಕೆಲಸ ಕೊಡಿ, ಕುಡಿಯುವ ನೀರಿನಲ್ಲಿ ಮೋಟಾರು ಬೋಟು ಬೇಡ. ಐದನೆಯದು, ಹೊಸ ಲೈಟಿಲ್ಲ, ಸೌಂಡ್ ಸಿಸ್ಟಂ ಇಲ್ಲ, ಟಿಕೆಟಿಲ್ಲ. ಆರನೆಯದು, ಬೋರ್ಡಿನ ಮೇಲೆ ದೊಡ್ಡಕ್ಷರದಲ್ಲಿ ‘ಸೂಳೆಕೆರೆ’ ಎಂದೇ ಬರೆಸಿ, ಕೆಳಗೆ ನೆಲ ಕೊಟ್ಟವರ ಕತೆ ಬರೆಸಿ. ನಾಚಿಕೆಪಡುವವರು ಓದಿ ನಾಚಿಕೊಳ್ಳಲಿ.

ಇದಕ್ಕೆಲ್ಲ ಆಗುವ ಖರ್ಚು ಒಂದು ಸಂಗೀತ ಕಾರಂಜಿಯದಕ್ಕಿಂತ ಹೆಚ್ಚಾಗಲಾರದು. ಖರ್ಚು ಕಡಿಮೆ ಎಂಬುದೇ ಇದಕ್ಕಿರುವ ದೊಡ್ಡ ಅಡ್ಡಿಯೇನೋ.

ಇದನ್ನು ಓದುತ್ತಿರುವ ವಿದ್ಯಾರ್ಥಿಗಳಲ್ಲಿ ಒಂದು ಕೋರಿಕೆ. ನೀವು ಕೆರೆಯ ಮೇಲೆ ಕವಿತೆ ಬರೆಯುತ್ತೀರಿ, ‘ಕೆರೆಗೆ ಹಾರ’ವನ್ನು ಪಾಠದಲ್ಲಿ ಓದಿದ್ದೀರಿ, ಕೆರೆ ತುಂಬಿ ಕೋಡಿ ಬಿದ್ದಾಗ ವಿಡಿಯೊ ಮಾಡಲು ಹೋಗುತ್ತೀರಿ. ಒಮ್ಮೆ ಬೇಸಿಗೆಯಲ್ಲಿ, ನೀರು ಒಳಗೆ ಸರಿದಾಗ ಹೋಗಿ ಬನ್ನಿ. ಬಿರುಕು ಬಿಟ್ಟ ಕೆರೆಯಂಗಳದ ಮೇಲೆ ನಡೆಯಿರಿ. ಎಲ್ಲಿಯವರೆಗೆ ಕಪ್ಪೆಚಿಪ್ಪು ಕಾಲಿಗೆ ಸಿಗುತ್ತದೋ ಅಲ್ಲಿಯವರೆಗೆ ಕೆರೆ ಎಂದು ನಿಮಗೇ ಗೊತ್ತಾಗುತ್ತದೆ. ನಿಮ್ಮ ಊರಿನ ಕೆರೆಗೂ ಒಂದು ದಿನ ಪಾರ್ಕಿನ ನಕ್ಷೆ ಬರುತ್ತದೆ, ಗ್ರಾಮಸಭೆಯಲ್ಲಿ ಅದನ್ನು ಮೇಜಿನ ಮೇಲೆ ಹಾಸುತ್ತಾರೆ, ಬಣ್ಣ ಚೆನ್ನಾಗಿರುತ್ತದೆ. ಆಗ ಎದ್ದು ನಿಂತು ಒಂದೇ ಪ್ರಶ್ನೆ ಕೇಳಿ: ತುಂಬಿದ ಕೆರೆಯ ಗೆರೆ ಈ ನಕ್ಷೆಯಲ್ಲಿ ಎಲ್ಲಿದೆ, ತೋರಿಸಿ. ತೋರಿಸುವವರೆಗೆ ಸಹಿ ಹಾಕಬೇಡಿ. ತೋರಿಸಿದ ಮೇಲೂ, ಆ ಗೆರೆಯ ಒಳಗೆ ಒಂದೇ ಒಂದು ಪೇವರ್ ಬ್ಲಾಕ್ ಕಂಡರೂ ಹಾಕಬೇಡಿ.